ಸೆರೆಶಿಬಿರದ ನಗೆನಾಟಕಕ್ಕೆ ಮಾಡಿದ ಗುಟ್ಟಿನ ಸಾಮಾನುಗಳು

ವೇದಿಕೆ ಮೇಲೆ ಸುರಂಗ ತೋಡಲು ಆಗುವುದಿಲ್ಲ. ಆದರೆ ಕಾಗದ ಬಚ್ಚಿಡಬಹುದು. ಕಾವಲುಗಾರನ ಕಣ್ಣೆದುರಿಗೇ ಕೈಯಿಂದ ಕೈಗೆ ದಾಟಿಸಬಹುದು. ನಮ್ಮ ಹವ್ಯಾಸಿ ತಂಡ ಈ ಸಲ ಕೈಗೆತ್ತಿಕೊಂಡ ನಗೆನಾಟಕ ನಿಂತಿರುವುದೇ ಇದರ ಮೇಲೆ. ಎರಡನೇ ಮಹಾಯುದ್ಧದ ಕಾಲ. ಜರ್ಮನರ ಒಂದು ಸೆರೆಶಿಬಿರ. ಒಳಗೆ ಬ್ರಿಟಿಷ್ ವಾಯುಪಡೆಯ ಕೈದಿಗಳು. ಅವರ ಹತ್ತಿರ ನಕ್ಷೆ ಇದೆ, ಸುಳ್ಳು ಗುರುತಿನ ಚೀಟಿ ಇದೆ, ದಿಕ್ಸೂಚಿ ಇದೆ. ಕಾವಲುಗಾರ ದಿನವೂ ತಡಕಾಡುತ್ತಾನೆ, ಏನೂ ಸಿಗುವುದಿಲ್ಲ.

ಪ್ರಾಪರ್ಟಿ ಕೆಲಸ, ಅಂದರೆ ನಟರು ವೇದಿಕೆಯಲ್ಲಿ ಬಳಸುವ ಸಾಮಾನು ಮಾಡುವುದು, ನನ್ನದು. ಒಪ್ಪಿಕೊಳ್ಳುವಾಗಲೇ ನಿರ್ದೇಶಕರಿಗೆ ಹೇಳಿದ್ದೆ: "ಸಾರ್, ಥರ್ಮೋಕೋಲ್‌ನಲ್ಲಿ ಸುಮ್ನೆ ಆಕಾರ ಕೊರೆದು ಕೊಡುವುದಿಲ್ಲ. ಒಂದೊಂದೂ ನಿಜವಾಗಿ ಕೆಲಸ ಮಾಡಬೇಕು." ಅವರು, "ಮಾಡಿ, ಆದರೆ ಕೊನೇ ಸಾಲಲ್ಲಿ ಕೂತ ಅಜ್ಜಿಗೂ ಕಾಣಬೇಕು" ಎಂದರು. ಆ ಒಂದು ಮಾತೇ ನನಗೆ ಅಳತೆಗೋಲಾಯಿತು. ಗುಟ್ಟು ಪ್ರೇಕ್ಷಕರಿಗೆ ಮೊದಲೇ ಗೊತ್ತಿರಬೇಕು, ಕಾವಲುಗಾರನಿಗೆ ಮಾತ್ರ ಗೊತ್ತಿರಬಾರದು. ನಗು ಹುಟ್ಟುವುದು ಅಲ್ಲೇ. ಸಾಮಾನು ನಿಜವಾಗಿ ತೆರೆದುಕೊಂಡರೆ, ನಿಜವಾಗಿ ಅಚ್ಚೊತ್ತಿದರೆ, ನಟ ನಟಿಸಬೇಕಾಗಿಯೇ ಇಲ್ಲ. ಕೈ ಕೆಲಸ ಮಾಡುತ್ತದೆ, ಜನ ನೋಡುತ್ತಾರೆ.

ಇದರ ಹಿಂದೆ ನಡೆದ ಚರಿತ್ರೆ ಇದೆ. 1939ರ ಡಿಸೆಂಬರ್‌ನಲ್ಲಿ ಬ್ರಿಟನ್ ಎಂಐ9 ಎಂಬ ಗುಪ್ತ ವಿಭಾಗ ಕಟ್ಟಿತು. ಸೆರೆಸಿಕ್ಕ ಸೈನಿಕರು ತಪ್ಪಿಸಿಕೊಂಡು ಬರಲು ನೆರವಾಗುವುದು ಅದರ ಕೆಲಸ. ಅಲ್ಲಿ ಸಾಮಾನು ಮಾಡುವ ಹೊಣೆ ಹೊತ್ತವನು ಕ್ರಿಸ್ಟೋಫರ್ ಕ್ಲೇಟನ್ ಹಟ್ಟನ್. ಯುವಕನಾಗಿದ್ದಾಗ ಜಾದೂಗಾರ ಹುಡಿನಿಗೇ, ನನ್ನ ಮರದ ಪೆಟ್ಟಿಗೆಯಿಂದ ಹೊರಗೆ ಬಾ ನೋಡೋಣ ಎಂದು ಸವಾಲು ಹಾಕಿದ್ದ ಆಸಾಮಿ. ನಕ್ಷೆ, ಗರಗಸ, ದಿಕ್ಸೂಚಿ ಇವನ್ನೆಲ್ಲ ಆಟದ ಸಾಮಾನಿನೊಳಗೆ ಹುದುಗಿಸಿ ಶಿಬಿರಗಳಿಗೆ ಕಳಿಸುತ್ತಿದ್ದರು. ಕಳಿಸುವವರ ವಿಳಾಸಕ್ಕೆ ಇಲ್ಲದ ಸಂಸ್ಥೆಗಳ ಹೆಸರು ಹುಟ್ಟಿಸುತ್ತಿದ್ದರು. 'ಪ್ರಿಸನರ್ಸ್ ಲೀಷರ್ ಅವರ್ಸ್ ಫಂಡ್' ಅಂಥದ್ದೊಂದು. ರೆಡ್ ಕ್ರಾಸ್‌ನ ಊಟದ ಪೊಟ್ಟಣಗಳನ್ನು ಮಾತ್ರ ಮುಟ್ಟಲಿಲ್ಲ. ಅದರಲ್ಲಿ ಒಂದು ಸೂಜಿ ಸಿಕ್ಕಿಬಿದ್ದರೂ ಸಾವಿರಾರು ಕೈದಿಗಳ ಅನ್ನಕ್ಕೆ ಕಲ್ಲು ಬೀಳುತ್ತಿತ್ತು.

ನಮ್ಮ ನಾಟಕದ ಮೊದಲ ಕರಡಿನಲ್ಲಿ ಇಸ್ಪೀಟು ಬರುವುದು ರೆಡ್ ಕ್ರಾಸ್ ಪೊಟ್ಟಣದಲ್ಲಿ ಎಂದಿತ್ತು. ಬರೆದವರಿಗೆ ಈ ವಿಷಯ ಹೇಳಿದೆ. ಅವರು ಅದನ್ನು ಬದಲಿಸಿ, ಇಲ್ಲದ ಸಂಸ್ಥೆಯೊಂದರ ಉದ್ದನೆಯ ಹೆಸರನ್ನು ಕಾವಲುಗಾರ ಮೂರು ಉಸಿರಿನಲ್ಲಿ ಓದುವ ಹಾಗೆ ಮಾಡಿದರು. ಚರಿತ್ರೆ ಸರಿಯಾದ ಕೂಡಲೇ ನಗುವೂ ಜಾಸ್ತಿ ಆಯಿತು.

ಇಸ್ಪೀಟು ಎಲೆ

ಅಮೆರಿಕದ ಸಿನ್ಸಿನಾಟಿ ಬಳಿ ಆಗ ಇದ್ದ ಯುನೈಟೆಡ್ ಸ್ಟೇಟ್ಸ್ ಪ್ಲೇಯಿಂಗ್ ಕಾರ್ಡ್ ಕಂಪನಿ ಯುದ್ಧದ ಸಮಯದಲ್ಲಿ ವಿಶೇಷ ಕಟ್ಟುಗಳನ್ನು ಮಾಡಿತ್ತು. ನೋಡಲು ಆ ಕಂಪನಿಯ ಮಾಮೂಲಿ 'ಬೈಸಿಕಲ್' ಬ್ರ್ಯಾಂಡಿನ ಎಲೆ. ನೀರಿನಲ್ಲಿ ನೆನೆಸಿ ಸುಲಿದರೆ ಒಳಗೆ ನಕ್ಷೆಯ ತುಂಡು. ಎಲ್ಲ ಎಲೆಗಳನ್ನು ಸುಲಿದು ಜೋಡಿಸಿದರೆ ತಪ್ಪಿಸಿಕೊಂಡು ಹೋಗುವ ದಾರಿ.

ಒಳ್ಳೆಯ ಇಸ್ಪೀಟು ಎಲೆ ಒಂದೇ ಕಾಗದವಲ್ಲ. ಎರಡು ಹಾಳೆ, ನಡುವೆ ಕಪ್ಪು ಬಣ್ಣದ ಅಂಟು. ದೀಪಕ್ಕೆ ಹಿಡಿದರೆ ಎದುರಿನವನಿಗೆ ಎಲೆ ಕಾಣಬಾರದು ಎಂದು ಆ ಕಪ್ಪು. ಮೂಲೆಯನ್ನು ಉಗುರಿನಿಂದ ಎಬ್ಬಿಸಿ, ನಿಧಾನಕ್ಕೆ ಎಳೆದರೆ ಎರಡು ಪದರ ಬೇರೆಯಾಗುತ್ತವೆ. ಅವಸರ ಮಾಡಿದರೆ ಒಂದು ಪದರ ಹರಿಯುತ್ತದೆ. ಪ್ಲಾಸ್ಟಿಕ್ ಎಲೆ ಇದಕ್ಕೆ ಬರುವುದಿಲ್ಲ, ಕಾಗದದ್ದೇ ಬೇಕು. ಅದೂ ಮಾಮೂಲಿ ಗಾತ್ರದ್ದು ಕೊನೇ ಸಾಲಿಗೆ ಕಾಣುವುದಿಲ್ಲ. ಜಂಬೋ ಗಾತ್ರದ ಕಟ್ಟು ತಂದೆ.

ಸುಲಿದ ಮೇಲೆ ಆ ಕಪ್ಪು ಅಂಟು ಅಲ್ಲಲ್ಲಿ ಕಿತ್ತುಬರುತ್ತದೆ. ಆಗ ಎಲೆ ದೀಪಕ್ಕೆ ಪಾರದರ್ಶಕವಾಗಿ ನಕ್ಷೆ ಹೊರಗೆ ಕಾಣುತ್ತದೆ. ಅದಕ್ಕೆ ಪದರ ಹೀಗೆ ಜೋಡಿಸಿದೆ: ಎಲೆಯ ಮುಖ, ಅದರ ಹಿಂದೆ ತೆಳು ಕಪ್ಪು ಟಿಶ್ಯೂ, ಆಮೇಲೆ ನಕ್ಷೆ, ಕೊನೆಗೆ ಎಲೆಯ ಬೆನ್ನು. ನಕ್ಷೆಗೆ ಬಟರ್ ಪೇಪರ್. ಗಾಳಿಪಟದ ಕಾಗದ ಇನ್ನೂ ತೆಳು, ಆದರೆ ನೀರು ತಾಗಿದರೆ ಬಣ್ಣ ಬಿಡುತ್ತದೆ, ಎತ್ತುವಾಗ ಹರಿಯುತ್ತದೆ. ಬಟರ್ ಪೇಪರ್ ಒದ್ದೆಯಲ್ಲೂ ತಡೆಯುತ್ತದೆ. ಗೆರೆ ಎಳೆಯಲು ನೀರಿಗೆ ಹರಡದ ಪಿಗ್ಮೆಂಟ್ ಪೆನ್ನು.

ಅಂಟಿಗೆ ಮೈದಾ. ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಹೊಳಪು ಬರುವ ತನಕ ಕೈಯಾಡಿಸಬೇಕು. ಫೆವಿಕಾಲ್ ಹಾಕಿದರೆ ಒಣಗಿದ ಮೇಲೆ ಎಷ್ಟು ನೆನೆಸಿದರೂ ಬೇಗ ಬಿಡುವುದಿಲ್ಲ. ನಮಗೆ ಬೇಕಾಗಿರುವುದು ಬಿಡುವ ಅಂಟು. ಪುಸ್ತಕದ ಬೈಂಡಿಂಗ್ ಮಾಡುವವರು ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕುತ್ತಾರೆ, ಜಿರಲೆ ಬರಬಾರದೆಂದು. ನಾನು ಹಾಕಲಿಲ್ಲ. ಕಾರಣ, ಈ ಎಲೆ ನಾಟಕದಲ್ಲಿ ಬೀಳುವುದು ಚಹಾದ ಲೋಟದೊಳಗೆ. ಮೈಲುತುತ್ತ ವಿಷ. ಎಲೆಗಳನ್ನು ಡಬ್ಬಿಯಲ್ಲಿ ಹಾಕಿಟ್ಟು ಎರಡು ಲವಂಗ ಸೇರಿಸಿದೆ, ಸಾಕು.

ಅಂಟಿಸಿದ ಎಲೆಗಳನ್ನು ಪೇಪರ್ ಮಡಿಕೆಯ ನಡುವೆ ಇಟ್ಟು ಮೇಲೆ ಭಾರ ಹೇರಿ ರಾತ್ರಿಯಿಡೀ ಬಿಡಬೇಕು. ಇಲ್ಲದಿದ್ದರೆ ಹಪ್ಪಳದ ಹಾಗೆ ಸೊಟ್ಟಗಾಗುತ್ತವೆ. ಎಲೆಯ ಮೇಲಿನ ಹೊಳಪಿನ ಲೇಪ ನೀರನ್ನು ಒಳಗೆ ಬಿಡುವುದಿಲ್ಲ. ಆದ್ದರಿಂದ ನಾಲ್ಕೂ ಅಂಚಿಗೆ ನಯವಾದ ಸ್ಯಾಂಡ್‌ಪೇಪರ್ ತಿಕ್ಕಿದೆ. ಈಗ ಬಿಸಿ ಚಹಾದಲ್ಲಿ ಒಂದೆರಡು ನಿಮಿಷಕ್ಕೆ ಅಂಚು ಬಾಯಿಬಿಡುತ್ತದೆ.

ಆ ದೃಶ್ಯ ಹೀಗೆ. ಕಾವಲುಗಾರ ಕೈದಿಗಳ ಜೊತೆ ಇಸ್ಪೀಟು ಆಡಲು ಕೂರುತ್ತಾನೆ. ಇಸ್ಪೀಟಿನ ರಾಜ ಅವನ ಚಹಾಕ್ಕೆ ಬೀಳುತ್ತಾನೆ. ಅವನು ಬೇರೆ ಎಲೆ ನೋಡುವುದರಲ್ಲಿ ಮಗ್ನ. ಪಕ್ಕದ ಕೈದಿ ಚಮಚದಿಂದ ಚಹಾ ಕದಡುತ್ತಾನೆ. ರಾಜನ ಮುಖ ಒಂದು ಕಡೆ, ಬೆನ್ನು ಇನ್ನೊಂದು ಕಡೆ ಸುರುಳಿ ಬಿಚ್ಚುತ್ತವೆ. ನಡುವಿನಿಂದ ನಕ್ಷೆಯನ್ನು ಎರಡು ಬೆರಳಲ್ಲಿ ಎತ್ತಿ, ಹಿಂದಿನ ಕಿಟಕಿ ಗಾಜಿಗೆ ಒತ್ತುತ್ತಾನೆ. ಒದ್ದೆ ಬಟರ್ ಪೇಪರ್ ಗಾಜಿಗೆ ತಾನೇ ಕಚ್ಚಿಕೊಳ್ಳುತ್ತದೆ. ಗಾಜಿನ ಹಿಂದೆ ಒಂದು ಬಲ್ಬು. ಅದು ಹತ್ತಿದಾಗ ನದಿ, ರೈಲು ಹಳಿ, ಗಡಿ ಎದ್ದು ಕಾಣುತ್ತವೆ. ಕಾವಲುಗಾರ ತಲೆ ಎತ್ತಿದ ಕೂಡಲೇ ಬಲ್ಬು ಆರುತ್ತದೆ, ಗಾಜು ಮತ್ತೆ ಬರೀ ಕೊಳಕು ಗಾಜು. ಬಲ್ಬಿನ ಸ್ವಿಚ್ಚನ್ನು ಲೈಟಿಂಗ್‌ನವರ ಕೈಗೆ ಕೊಡದೆ, ಕೈದಿಯ ಕಾಲ ಕೆಳಗೆ ಇಟ್ಟೆ. ಅವನ ಕಾಲು, ಕಾವಲುಗಾರನ ತಲೆ, ಎರಡೂ ಒಂದೇ ತಾಳದಲ್ಲಿ ಆಡುತ್ತವೆ. ತಾಲೀಮಿನಲ್ಲೇ ಎಲ್ಲರೂ ಹೊಟ್ಟೆ ಹಿಡಿದು ನಕ್ಕರು.

ಜೆಲ್ಲಿ ಮೇಲಿನ ಅಚ್ಚು

ನನಗೆ ಎಲ್ಲಕ್ಕಿಂತ ಇಷ್ಟವಾದ ಕೆಲಸ ಇದು. ಸ್ಟಾಲಗ್ ಲುಫ್ಟ್ 3 ಎಂಬ ಶಿಬಿರ ಸಾಗಾನ್‌ನಲ್ಲಿತ್ತು, ಇವತ್ತು ಆ ಊರು ಪೋಲೆಂಡ್‌ನಲ್ಲಿದೆ. ಅಲ್ಲಿ ನಕ್ಷೆಗಳ ಹೊಣೆ ಡೆಸ್ ಪ್ಲಂಕೆಟ್ ಎಂಬ ವಿಮಾನ ಚಾಲಕನದು. ಒಂದೆರಡು ನಕ್ಷೆ ಸಾಲದು, ನೂರಾರು ಬೇಕು. ಕೈಯಲ್ಲಿ ಎಷ್ಟೆಂದು ಬರೆಯುವುದು? ಪೊಟ್ಟಣದಲ್ಲಿ ಬರುತ್ತಿದ್ದ ಜೆಲ್ಲಿಯನ್ನು ಕರಗಿಸಿ ತಟ್ಟೆಗೆ ಸುರಿದರು. ಒದ್ದೆಯಾದರೆ ನೇರಳೆ ಶಾಯಿ ಬಿಡುವ ಕಾಪಿಯಿಂಗ್ ಪೆನ್ಸಿಲ್‌ನ ಸೀಸವನ್ನು ಪುಡಿಮಾಡಿ ಶಾಯಿ ಮಾಡಿದರು. ಅದರಲ್ಲಿ ಬರೆದ ನಕ್ಷೆಯನ್ನು ಜೆಲ್ಲಿಗೆ ಒತ್ತಿ, ಆಮೇಲೆ ಒಂದೊಂದೇ ಬಿಳಿ ಹಾಳೆ ಒತ್ತಿ ತೆಗೆದರು. ಕಾವಲಿನೊಳಗೆ ಒಂದು ಮುದ್ರಣಾಲಯವೇ ಆಯಿತು.

ಕಾಪಿಯಿಂಗ್ ಪೆನ್ಸಿಲ್ ಇವತ್ತು ಅಂಗಡಿಯಲ್ಲಿ ಸಿಗುವುದು ಕಷ್ಟ. ಆದರೆ ಅದರ ನೇರಳೆ ಬಣ್ಣ ನಮಗೆ ಹೊಸದಲ್ಲ. ಗಾಯಕ್ಕೆ, ಬಾಯಿಹುಣ್ಣಿಗೆ ಹಚ್ಚುತ್ತಿದ್ದ ಜೆನ್ಷನ್ ವಯಲೆಟ್ ಅದೇ ಜಾತಿಯ ಬಣ್ಣ. ಮೆಡಿಕಲ್ ಶಾಪಿನ ಸೀಸೆಯಲ್ಲಿ ಅದು ತೀರಾ ನೀರು, ಅಚ್ಚಿಗೆ ಸಾಲುವುದಿಲ್ಲ. ಲ್ಯಾಬ್ ಸಾಮಾನಿನ ಅಂಗಡಿಯಿಂದ ಕ್ರಿಸ್ಟಲ್ ವಯಲೆಟ್ ಪುಡಿ ತಂದೆ. ಚಿಟಿಕೆ ಪುಡಿಗೆ ಕೆಲವು ಹನಿ ಸ್ಪಿರಿಟ್, ಒಂದೆರಡು ಹನಿ ಗ್ಲಿಸರಿನ್. ಮಸಿಯಷ್ಟು ಗಾಢವಾಗಿರಬೇಕು. ಗ್ಲೌಸು ಹಾಕದೆ ಮುಟ್ಟಬೇಡಿ, ಮಕ್ಕಳ ಕೈಗೆ ಸಿಗದ ಜಾಗದಲ್ಲಿಡಿ. ಪುಡಿಯ ಒಂದು ಕಣ ಒದ್ದೆ ಸಿಂಕಿನ ಮೇಲೆ ಬಿದ್ದರೆ ಸಿಂಕು ಪೂರ್ತಿ ನೇರಳೆ.

ಜೆಲ್ಲಿಗೆ ಹದ ಇದು: ಜೆಲಟಿನ್ 30 ಗ್ರಾಂ, ನೀರು 100 ಮಿ.ಲೀ., ಗ್ಲಿಸರಿನ್ 200 ಮಿ.ಲೀ. ಜೆಲಟಿನ್ ಅನ್ನು ತಣ್ಣೀರಿನಲ್ಲಿ ಉಬ್ಬಲು ಬಿಡಬೇಕು. ಗ್ಲಿಸರಿನ್ ಬೆರೆಸಿ, ಪಾತ್ರೆಯನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಬೇಕು. ಕುದಿಸಿದರೆ ಜೆಲಟಿನ್‌ನ ಕಸುವು ಹೋಗುತ್ತದೆ. ಎ5 ಹಾಳೆಯಷ್ಟು ಅಗಲದ ತಟ್ಟೆಗೆ ಸುರಿದರೆ ಹೆಚ್ಚುಕಡಿಮೆ ಒಂದು ಸೆಂ.ಮೀ. ದಪ್ಪ ನಿಲ್ಲುತ್ತದೆ. ಮೇಲೆ ತೇಲುವ ಗುಳ್ಳೆಗಳನ್ನು ಕಾಗದದ ಅಂಚಿನಿಂದ ಒಂದು ಬದಿಗೆ ಗೋರಿ ತೆಗೆಯಿರಿ. ಗುಳ್ಳೆ ಉಳಿದ ಕಡೆ ನಕ್ಷೆಯಲ್ಲಿ ಬಿಳಿ ಚುಕ್ಕೆ ಬೀಳುತ್ತದೆ, ಗಡಿ ತುಂಡಾಗಿ ಕಾಣುತ್ತದೆ.

ತಂಡದ ಹಿರಿಯ ಕಲಾವಿದರೊಬ್ಬರು ಜೆಲಟಿನ್ ಮುಟ್ಟುವುದಿಲ್ಲ, ಅದು ಪ್ರಾಣಿಯ ಎಲುಬು, ಚರ್ಮದಿಂದ ಬರುವುದು ಅಲ್ವಾ. ಅವರದೇ ಕೈಯಲ್ಲಿ ಅಚ್ಚೊತ್ತುವ ದೃಶ್ಯ. "ನೋಡಪ್ಪಾ, ಚೈನಾ ಗ್ರಾಸ್‌ನಲ್ಲಿ ಆಗುತ್ತದಾ?" ಎಂದು ಕೇಳಿದರು. ಚೈನಾ ಗ್ರಾಸ್ ಕಡಲ ಪಾಚಿಯಿಂದ ಬರುವುದು. ಅವರಿಗಾಗಿ ಅದರ ತಟ್ಟೆಯನ್ನೂ ಮಾಡಿ ನೋಡಿದೆ. ಅದು ಸೆಕೆಗೆ ಕರಗುವುದಿಲ್ಲ, ಅದು ದೊಡ್ಡ ಗುಣ. ಆದರೆ ಮೇಲ್ಮೈಯಲ್ಲಿ ನೀರು ಬೆವರುತ್ತದೆ, ಸಣ್ಣ ಗೆರೆ ಹರಡುತ್ತದೆ. ಕಾಗದದಿಂದ ನೀರನ್ನು ಒತ್ತಿ ತೆಗೆದು, ಗೆರೆಗಳನ್ನು ದಪ್ಪ ಮಾಡಿದಾಗ ವೇದಿಕೆಗೆ ಸಾಕಾಗುವಷ್ಟು ಬಂತು. ಅವರು ನಟಿಸುವ ದಿನ ಚೈನಾ ಗ್ರಾಸ್, ಅವರ ಬದಲಿಗೆ ಇನ್ನೊಬ್ಬರು ಬಂದ ದಿನ ಜೆಲಟಿನ್. ಸಣ್ಣ ಅಕ್ಷರ ಬೇಕಿದ್ದವರು ಜೆಲಟಿನ್ನೇ ಹಿಡಿಯಿರಿ.

ಅಚ್ಚು ತೆಗೆಯುವ ಬಗೆ ಸುಲಭ. ನೇರಳೆ ಶಾಯಿಯಲ್ಲಿ, ನುಣುಪಾದ ಹಾಳೆಯ ಮೇಲೆ ನಕ್ಷೆ ಬರೆಯಿರಿ. ಉಲ್ಟಾ ಬರೆಯುವ ತಾಪತ್ರಯ ಇಲ್ಲ: ಜೆಲ್ಲಿಯಲ್ಲಿ ಅದು ತಿರುಗುಮುರುಗಾಗುತ್ತದೆ, ಪ್ರತಿಯಲ್ಲಿ ಮತ್ತೆ ನೇರವಾಗುತ್ತದೆ. ಜೆಲ್ಲಿಯನ್ನು ಒದ್ದೆ ಸ್ಪಂಜಿನಿಂದ ಒರೆಸಿ, ಪಸೆ ಆರಿದ ಮೇಲೆ ಮೂಲ ಹಾಳೆಯನ್ನು ಕವುಚಿ ಹಾಕಿ ಅಂಗೈಯಿಂದ ಸವರಿ. ಎರಡು ಮೂರು ನಿಮಿಷ ಬಿಟ್ಟು ಒಂದು ಮೂಲೆಯಿಂದ ಎತ್ತಿ. ಜೆಲ್ಲಿಯ ಮೇಲೆ ನೇರಳೆ ನಕ್ಷೆ ಕೂತಿರುತ್ತದೆ. ಈಗ ಬಿಳಿ ಹಾಳೆ ಇಟ್ಟು ಒತ್ತಿ ತೆಗೆದರೆ ಪ್ರತಿ ಸಿದ್ಧ. ಹದಿನೈದು ಇಪ್ಪತ್ತು ಪ್ರತಿ ಚೆನ್ನಾಗಿ ಬರುತ್ತವೆ, ಆಮೇಲೆ ತಿಳಿಯಾಗುತ್ತಾ ಹೋಗುತ್ತದೆ. ತಟ್ಟೆಯನ್ನು ರಾತ್ರಿ ಹಾಗೇ ಬಿಟ್ಟರೆ ಉಳಿದ ಶಾಯಿ ಒಳಗೆ ಇಳಿಯುತ್ತದೆ. ಬೆಳಿಗ್ಗೆ ಮತ್ತೆ ಹೊಸ ನಕ್ಷೆಗೆ ತಯಾರು.

ವೇದಿಕೆಯಲ್ಲಿ ಮೇಜಿನ ಡ್ರಾಯರ್ ಎಳೆದರೆ ಈ ತಟ್ಟೆ. ಕೈದಿ ಪ್ರೇಕ್ಷಕರ ಮುಂದೆಯೇ ಹಾಳೆ ಒತ್ತಿ, ಎತ್ತಿ, ತಿರುಗಿಸಿ ತೋರಿಸುತ್ತಾನೆ. ಖಾಲಿ ಹಾಳೆಯ ಮೇಲೆ ನಕ್ಷೆ! ಜನ "ಆಹ್" ಅಂದದ್ದು ನೇಪಥ್ಯದಲ್ಲಿದ್ದ ನನಗೆ ಕೇಳಿಸಿತು. ಆಮೇಲೆ ಕಾವಲುಗಾರ ಬಂದು ಅವನ ನೇರಳೆ ಬೆರಳು ಹಿಡಿದು ಇದೇನು ಎಂದು ಕೇಳುತ್ತಾನೆ. "ಬಾಯಿಹುಣ್ಣು ಸ್ವಾಮೀ, ಔಷಧಿ ಹಚ್ಚಿಕೊಂಡೆ" ಎಂದು ಇವನು ನಾಲಿಗೆ ಚಾಚುತ್ತಾನೆ. ನಾಲಿಗೆಯೂ ನೇರಳೆ, ಅದಕ್ಕೆ ಮಾತ್ರ ತಿನ್ನುವ ಬಣ್ಣ ಬಳಸಿದ್ದೇವೆ. ಐವತ್ತು ದಾಟಿದ ಪ್ರೇಕ್ಷಕರು ಇಲ್ಲಿ ಎಲ್ಲರಿಗಿಂತ ಮೊದಲು ನಗುತ್ತಾರೆ. ಆ ಸೀಸೆ ಅವರ ಮನೆಯಲ್ಲೂ ಇತ್ತು.

ಸೀಲು, ಟೈಪ್ ಅಕ್ಷರ

ಸಾಗಾನ್ ಶಿಬಿರದಲ್ಲಿ ಸುಳ್ಳು ದಾಖಲೆ ಬರೆಯುವ ಗುಂಪಿಗೆ ಕೈದಿಗಳು 'ಡೀನ್ ಅಂಡ್ ಡಾಸನ್' ಎಂದು ಹೆಸರಿಟ್ಟಿದ್ದರು. ಲಂಡನ್ನಿನ ಒಂದು ಪ್ರವಾಸದ ಏಜೆನ್ಸಿಯ ಹೆಸರು ಅದು. ಗುಂಪಿನ ಮುಖ್ಯಸ್ಥ ಟಿಮ್ ವಾಲೆನ್. ಟೈಪ್ ಮಾಡಿದ ಹಾಗೆ ಕಾಣುವ ಪರವಾನಗಿಗಳನ್ನು ಅವರು ಒಂದೊಂದು ಅಕ್ಷರವಾಗಿ ಕೈಯಲ್ಲಿ ಬರೆಯುತ್ತಿದ್ದರು. ರಬ್ಬರ್ ಸೀಲುಗಳನ್ನು ಬೂಟಿನ ಹಿಮ್ಮಡಿಯಿಂದ ಕೊರೆಯುತ್ತಿದ್ದರು.

ಹವಾಯಿ ಚಪ್ಪಲಿಯ ರಬ್ಬರ್ ಇದಕ್ಕೆ ಆಗುವುದಿಲ್ಲ, ತುಂಬಾ ಮೆದು, ತೂತು ತೂತು. ಚಪ್ಪಲಿ ಹೊಲಿಯುವವರ ಹತ್ತಿರ ಗಟ್ಟಿ ಹೀಲ್ ರಬ್ಬರ್ ಕೇಳಿ ತಂದೆ. ಸ್ಯಾಂಡ್‌ಪೇಪರಿನಿಂದ ಮಟ್ಟಸ ಮಾಡಿ, ಟ್ರೇಸಿಂಗ್ ಹಾಳೆ ಕವುಚಿ ಚಿತ್ರ ಇಳಿಸಿ, ಬ್ಲೇಡಿನಿಂದ ಕೊರೆದೆ. ದುಂಡು ಸೀಲು, ನಡುವೆ ರೆಕ್ಕೆ ಚಾಚಿದ ಹದ್ದು, ಸುತ್ತ ಅಕ್ಷರ. ಬ್ಲೇಡು ಯಾವಾಗಲೂ ಗೆರೆಯಿಂದ ಹೊರಕ್ಕೆ ವಾಲಿರಬೇಕು. ಒಳಕ್ಕೆ ವಾಲಿದರೆ ಗೆರೆಯ ಬುಡ ತೆಳುವಾಗಿ ನಾಲ್ಕು ಸಲ ಒತ್ತುವಷ್ಟರಲ್ಲಿ ಕಿತ್ತು ಬರುತ್ತದೆ. ನಾಜಿ ಚಿಹ್ನೆಯನ್ನು ಬೇಕೆಂದೇ ಬಿಟ್ಟೆ. ದೂರದಿಂದ ಹದ್ದು ಸಾಕು. ಆ ಗುರುತನ್ನು ನಗಿಸುವ ಸಾಮಾನಿನ ಮೇಲೆ ಕೊರೆಯಲು ನನಗೆ ಮನಸ್ಸು ಬರಲಿಲ್ಲ.

ಟೈಪ್ ಅಕ್ಷರ ಬರೆದು ನೋಡಿದೆ. ಅತಿ ಸಣ್ಣ ಕುಂಚ, ಅಕ್ಷರಗಳ ನಡುವೆ ಒಂದೇ ಅಂತರ, ಅಲ್ಲಲ್ಲಿ ಮಸಿ ತುಂಬಿದ 'ಇ', ಸ್ವಲ್ಪ ಮೇಲೆ ಕೂತ 'ಟಿ'. ಒಂದು ಪುಟ ಮುಗಿಸುವಷ್ಟರಲ್ಲಿ ಕಣ್ಣು ಸೋತಿತು. ಅವರು ಇದನ್ನು ಚಳಿಯಲ್ಲಿ, ಮಂದ ಬೆಳಕಿನಲ್ಲಿ, ಕಿಟಕಿಯ ಹೊರಗೆ ಕಾವಲುಗಾರ ಓಡಾಡುತ್ತಿರುವಾಗ ಮಾಡಿದರು. 1944ರ ಮಾರ್ಚ್ 24ರ ರಾತ್ರಿ ಆ ಶಿಬಿರದ ಸುರಂಗದಿಂದ 76 ಮಂದಿ ಹೊರಗೆ ಹೋದರು. ಮನೆ ಮುಟ್ಟಿದವರು ಮೂವರು. ಸಿಕ್ಕಿಬಿದ್ದ 73 ಜನರಲ್ಲಿ 50 ಜನರನ್ನು ಹಿಟ್ಲರನ ಆಜ್ಞೆಯ ಮೇಲೆ ಗುಂಡಿಟ್ಟು ಕೊಂದರು. ಟಿಮ್ ವಾಲೆನ್ ಅವರಲ್ಲಿ ಒಬ್ಬ.

ಇದು ತಿಳಿದ ಮೇಲೂ ನಗೆನಾಟಕ ಆಡಬಹುದಾ ಎಂದು ತಂಡದಲ್ಲಿ ಚರ್ಚೆ ಆಯಿತು. ನನ್ನ ಉತ್ತರ ಸ್ಪಷ್ಟ: ಆಡಬಹುದು, ಆಡಬೇಕು. ಆ ಶಿಬಿರದಲ್ಲೇ ಕೈದಿಗಳು ರಂಗಮಂದಿರ ಕಟ್ಟಿದ್ದರು, ರೆಡ್ ಕ್ರಾಸ್ ಪೆಟ್ಟಿಗೆಗಳ ಹಲಗೆಯಲ್ಲಿ ಕುರ್ಚಿ ಮಾಡಿದ್ದರು. ಅಲ್ಲಿ ಹಾಸ್ಯ ಬರೆದ ಟಾಲ್ಬಟ್ ರಾಥ್‌ವೆಲ್, ನಟಿಸಿದ ಪೀಟರ್ ಬಟರ್‌ವರ್ತ್ ಇಬ್ಬರೂ ಯುದ್ಧ ಮುಗಿದ ಮೇಲೆ ಬ್ರಿಟನ್ನಿನ ಹಾಸ್ಯಚಿತ್ರಗಳಲ್ಲಿ ಹೆಸರು ಮಾಡಿದರು. ಸುರಂಗದ ಮಣ್ಣನ್ನು ಅದೇ ರಂಗಮಂದಿರದ ನೆಲದ ಕೆಳಗೆ ಸುರಿಯುತ್ತಿದ್ದರು, 13ನೇ ಆಸನದ ಕೆಳಗಿನ ಬಾಗಿಲಿನಿಂದ. ಮೇಲೆ ನಗು, ಕೆಳಗೆ ಮಣ್ಣು. ಕಾವಲುಗಾರರನ್ನು ನೋಡಿ ನಗುವ ಹಕ್ಕು ಅವರು ಸಂಪಾದಿಸಿದ್ದು. ನಾವು ಕೈದಿಗಳನ್ನು ನೋಡಿ ನಗಿಸುವುದಿಲ್ಲ, ಅವರ ಜೊತೆ ನಗುತ್ತೇವೆ. ಎಲ್ಲರ ಒಪ್ಪಿಗೆಯಿಂದ, ಆ ಐವತ್ತು ಹೆಸರುಗಳನ್ನು ಸಭಾಂಗಣದ ಬಾಗಿಲಲ್ಲಿ ಒಂದು ಹಲಗೆಯ ಮೇಲೆ ಬರೆದು ನಿಲ್ಲಿಸಿದೆವು.

ದಿಕ್ಸೂಚಿ, ಲೆಫ್ಟ್ ಥ್ರೆಡ್

ಅದೇ ಶಿಬಿರದಲ್ಲಿ ಆಸ್ಟ್ರೇಲಿಯಾದ ಆಲ್ ಹೇಕ್ ದಿಕ್ಸೂಚಿ ಮಾಡುತ್ತಿದ್ದ. ಗ್ರಾಮಫೋನ್ ತಟ್ಟೆ ಕರಗಿಸಿ ಡಬ್ಬಿ, ಒಡೆದ ಕಿಟಕಿಯ ಗಾಜಿನಿಂದ ಮುಚ್ಚಳ, ಡಬ್ಬಿಯೂಟದ ತಗಡಿನಿಂದ ಕೆರೆದ ಬೆಸುಗೆ. ತಳದಲ್ಲಿ 'ಮೇಡ್ ಇನ್ ಸ್ಟಾಲಗ್ ಲುಫ್ಟ್ 3' ಎಂದು ಅಚ್ಚು ಬೇರೆ! ಅವನೂ ಆ ಐವತ್ತರಲ್ಲಿ ಒಬ್ಬ.

ಹಳೆಯ 78 ಸುತ್ತಿನ ತಟ್ಟೆಯಲ್ಲಿ ಇರುವುದು ಅರಗು, ಜೊತೆಗೆ ಕಲ್ಲಿನ ಪುಡಿ. ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡುವುದೂ ಅರಗೇ. ಭಾನುವಾರದ ಹಳೇ ಸಾಮಾನಿನ ಸಂತೆಯಲ್ಲಿ ಸೀಳು ಬಿಟ್ಟ ತಟ್ಟೆಯನ್ನೇ ಹುಡುಕಿ ತಂದೆ. ಹಾಡುವ ತಟ್ಟೆಯನ್ನು ಒಡೆಯಲು ಕೈ ಬರುವುದಿಲ್ಲ. ತುಂಡನ್ನು ಕುದಿಯುವುದಕ್ಕೆ ಸ್ವಲ್ಪ ಕಡಿಮೆ ಬಿಸಿಯ ನೀರಿನಲ್ಲಿ ಹಾಕಿದರೆ ಚಕ್ಕುಲಿ ಹಿಟ್ಟಿಗಿಂತ ಗಟ್ಟಿಯಾದ ಒಂದು ಹದಕ್ಕೆ ಬರುತ್ತದೆ. ಆಗ ಇಕ್ಕಳದಿಂದ ಎತ್ತಿ ಸೋಡಾ ಬಾಟಲಿಯ ಮುಚ್ಚಳದೊಳಗೆ ಒತ್ತಬೇಕು. ಕೆಲವೇ ಕ್ಷಣದಲ್ಲಿ ಮತ್ತೆ ಕಲ್ಲು. ಅದಕ್ಕೆ ಮುಚ್ಚಳವನ್ನೂ ಬಿಸಿಯಾಗಿಟ್ಟುಕೊಳ್ಳಿ.

ಮುಳ್ಳಿಗೆ ಶೇವಿಂಗ್ ಬ್ಲೇಡು. ದಪ್ಪ ಬಟ್ಟೆಯಲ್ಲಿ ಸುತ್ತಿ ಎರಡು ಇಕ್ಕಳದಿಂದ ಮುರಿದು, ಹಳೇ ಸ್ಪೀಕರಿನ ಅಯಸ್ಕಾಂತದಿಂದ ಒಂದೇ ದಿಕ್ಕಿಗೆ ಉಜ್ಜಿದೆ. ಹಿಂದೆ ಮುಂದೆ ಉಜ್ಜಿದರೆ ಏರಿದ್ದು ಇಳಿಯುತ್ತದೆ. ನಡುವಿಗೆ ಗ್ರಾಮಫೋನ್ ಮುಳ್ಳು ನೆಟ್ಟು ಅದರ ಮೇಲೆ ಕೂರಿಸಿದರೆ ಉತ್ತರಕ್ಕೆ ತಿರುಗಿ ನಿಂತಿತು. ವೇದಿಕೆಯಲ್ಲಿ ಕಾಲರ್ ಮೈಕಿನ ಹತ್ತಿರ ಹೋದರೆ ಅಲುಗಾಡುತ್ತದೆ, ಅದನ್ನು ನಟನಿಗೆ ಹೇಳಿಟ್ಟೆ.

ಇದನ್ನು ಬಚ್ಚಿಡುವುದು ಶೇವಿಂಗ್ ಬ್ರಷ್ಷಿನ ಹಿಡಿಯಲ್ಲಿ. ಎಂಐ9 ಗುಂಡಿಯೊಳಗೆ ದಿಕ್ಸೂಚಿ ಇಟ್ಟು ತಿರುಪಿನ ಮುಚ್ಚಳ ಹಾಕುತ್ತಿತ್ತು. ಜರ್ಮನರಿಗೆ ಅದು ಗೊತ್ತಾದ ಮೇಲೆ ತಿರುಪನ್ನು ಉಲ್ಟಾ ಮಾಡಿದರು. ಬಿಚ್ಚಲು ತಿರುಗಿಸಿದಷ್ಟೂ ಅದು ಬಿಗಿಯಾಗುತ್ತದೆ. ಎಷ್ಟು ಸರಳ, ಎಷ್ಟು ಚೆಂದ!

ಇಂಥ ಉಲ್ಟಾ ತಿರುಪು, ಅಂದರೆ ಲೆಫ್ಟ್ ಥ್ರೆಡ್, ಹಾಕಿಸಲು ಲೇತಿಗೆ ಹೋಗಬೇಕಾಗಿಲ್ಲ. ಟೇಬಲ್ ಫ್ಯಾನಿನ ರೆಕ್ಕೆ ಹಿಡಿಯುವ ಪ್ಲಾಸ್ಟಿಕ್ ಕ್ಯಾಪು ಲೆಫ್ಟ್ ಥ್ರೆಡ್ಡೇ, ಫ್ಯಾನು ತಿರುಗುವಾಗ ಸಡಿಲವಾಗಬಾರದೆಂದು. ಗುಜರಿಯಿಂದ ಕ್ಯಾಪು ಮತ್ತು ಫ್ಯಾನಿನ ಶಾಫ್ಟಿನ ತುದಿ ಎರಡನ್ನೂ ತಂದೆ. ಶಾಫ್ಟಿನ ತುಂಡನ್ನು ಮರದ ಹಿಡಿಗೆ ಎಂ-ಸೀಲ್ ಹಾಕಿ ಕೂರಿಸಿದೆ. ಕ್ಯಾಪಿನ ಮೇಲೆ ಮರದ ಬಿಲ್ಲೆ ಅಂಟಿಸಿ ಬಣ್ಣ ಹೊಡೆದೆ. ಬ್ರಷ್ಷನ್ನು ಅಂಗೈ ಉದ್ದಕ್ಕಿಂತ ದೊಡ್ಡದೇ ಮಾಡಿದ್ದೇನೆ, ಕಾಣಬೇಕಲ್ಲ.

ಮೊದಲ ಅಂಕದಲ್ಲಿ ಕೈದಿ ಇದನ್ನು ನಿಧಾನಕ್ಕೆ ಬಲಕ್ಕೆ ತಿರುಗಿಸಿ ಬಿಚ್ಚಿ ತೋರಿಸುತ್ತಾನೆ. ಎರಡನೇ ಅಂಕದಲ್ಲಿ ಕಾವಲುಗಾರನ ಕೈಗೆ ಸಿಗುತ್ತದೆ. ಅವನು ಎಡಕ್ಕೆ ತಿರುಗಿಸುತ್ತಾನೆ. ಬಿಗಿ. ಮೊಣಕಾಲ ನಡುವೆ ಇಟ್ಟು ತಿರುಗಿಸುತ್ತಾನೆ. ಇನ್ನೂ ಬಿಗಿ. ಕೊನೆಗೆ ಅದೇ ಕೈದಿಯ ಕೈಗೆ ಒಂದು ತುದಿ ಕೊಟ್ಟು ಇಬ್ಬರೂ ಜಗ್ಗುತ್ತಾರೆ. ಒಂದು ಪ್ರದರ್ಶನದಲ್ಲಿ ಮುಂದಿನ ಸಾಲಿನ ಹುಡುಗನೊಬ್ಬ ತಡೆಯಲಾರದೆ "ಅಂಕಲ್, ಆ ಕಡೆ ಅಲ್ಲ!" ಎಂದು ಕೂಗಿದ. ಕಾವಲುಗಾರನ ಪಾತ್ರಧಾರಿ ಪಾಪ, ನಗು ತಡೆಯಲು ಮುಖ ತಿರುಗಿಸಿ ನಿಂತರು.

ರೇಷ್ಮೆ

ಎಂಐ9 ನಕ್ಷೆಗಳನ್ನು ರೇಷ್ಮೆ ಮೇಲೂ ಅಚ್ಚು ಹಾಕಿಸಿತ್ತು. ಶಾಯಿ ಹರಡದಿರಲು ಅದಕ್ಕೆ ಪೆಕ್ಟಿನ್ ಬೆರೆಸಿದರು, ಜಾಮ್ ಗಟ್ಟಿಯಾಗಲು ಹಾಕುವುದು ಅದೇ. ಕೋಟಿನ ಅಸ್ತರಿನೊಳಗೆ ಹೊಲಿದರೆ ತಡಕಿದಾಗ ಸದ್ದಾಗುವುದಿಲ್ಲ. ನಮಗೂ ಅದೇ ಲಾಭ. ಕೋಟಿನಲ್ಲಿ ಕಾಗದ ಇದ್ದರೆ ಮೈಕಿನಲ್ಲಿ ಬರಬರ ಎನ್ನುತ್ತದೆ. ಚಿಕ್ಕಪೇಟೆಯ ತುಂಡು ರೇಷ್ಮೆಗೆ ಅನ್ನದ ಗಂಜಿ ಹಾಕಿ ಇಸ್ತ್ರಿ ಮಾಡಿ, ಸ್ಕ್ರೀನ್ ಪ್ರಿಂಟಿಂಗ್‌ನವರ ಹತ್ತಿರ ನಕ್ಷೆ ಹಾಕಿಸಿದೆ. ಗಂಜಿ ತೊಳೆದ ಮೇಲೆ ಮುಷ್ಟಿಯೊಳಗೆ ಅಡಗುವಷ್ಟು ಮೆತ್ತಗಾಯಿತು. ಇದರಲ್ಲಿ ಇನ್ನೇನೂ ಕಷ್ಟವಿಲ್ಲ.

ಪ್ರದರ್ಶನಗಳ ಮಧ್ಯೆ ಮಾಡಿದ ರಿಪೇರಿ

ಇಸ್ಪೀಟಿನ ಗುಟ್ಟಿನ ಎಲೆಗಳು ಒಂದು ಆಟಕ್ಕೆ ಮುಗಿಯುತ್ತವೆ. ಆದ್ದರಿಂದ ಒಂದೇ ಸಲಕ್ಕೆ ಜಾಸ್ತಿ ಮಾಡಿಟ್ಟುಕೊಂಡೆ. ಅವು ಮಾಮೂಲಿ ಎಲೆಗಿಂತ ದಪ್ಪ, ಕತ್ತಲಲ್ಲೂ ಬೆರಳಿಗೆ ಗೊತ್ತಾಗುತ್ತವೆ, ನಟರಿಗೆ ಅದೇ ಅನುಕೂಲ. ಸೀಲಿನ ಹದ್ದಿನ ಎಡರೆಕ್ಕೆ ಸವೆದಿತ್ತು, ಮತ್ತೆ ಆಳ ಮಾಡಿದೆ. ಫ್ಯಾನಿನ ಕ್ಯಾಪು ಜಗ್ಗಾಟಕ್ಕೆ ಬಿರುಕು ಬಿಟ್ಟಾಗ ಒಳಗೆ ಹಿತ್ತಾಳೆಯ ಬಳೆ ಕೂರಿಸಿದೆ, ಈಗ ಗಟ್ಟಿ.

ತಲೆಬಿಸಿ ಜೆಲ್ಲಿಯದು. ವೇದಿಕೆಯ ದೀಪದ ಕಾವಿಗೆ ಜೆಲಟಿನ್ ಮೆತ್ತಗಾಗಿ ಹಾಳೆಗೆ ಅಂಟಿಕೊಂಡು ಏಳುತ್ತದೆ. ಬೆಂಗಳೂರಿನಲ್ಲಿ ಡ್ರಾಯರಿನ ತಳಕ್ಕೆ ಐಸ್ ಪ್ಯಾಕ್ ಇಟ್ಟು ಪಾರಾದೆವು. ಮುಂದಿನ ಪ್ರದರ್ಶನ ರಾಯಚೂರಿನಲ್ಲಿ, ಬೇಸಿಗೆಯಲ್ಲಿ. ಅಲ್ಲಿಗೆ ಐಸ್ ಪ್ಯಾಕ್ ಒಂದೇ ನಂಬಿ ಹೋಗುವಂತಿಲ್ಲ. ಜೆಲಟಿನ್ ಅನ್ನು 40 ಗ್ರಾಂಗೆ ಏರಿಸಿ, ನೀರನ್ನು 80 ಮಿ.ಲೀ.ಗೆ ಇಳಿಸಿ ಹೊಸ ತಟ್ಟೆ ಎರೆದಿದ್ದೇನೆ. ನಾಳೆ ಅದನ್ನು ತಾರಸಿ ಮೇಲೆ ನೆರಳಲ್ಲಿಟ್ಟು ಮಧ್ಯಾಹ್ನ ಮೂರಕ್ಕೆ ಅಚ್ಚು ತೆಗೆದು ನೋಡುತ್ತೇನೆ. ಹಾಳೆ ಸಲೀಸಾಗಿ ಎದ್ದರೆ ಅದೇ ಹದ ಖಾಯಂ. ಏಳದಿದ್ದರೆ ರಾಯಚೂರಿಗೆ ಚೈನಾ ಗ್ರಾಸ್ ತಟ್ಟೆ, ದಪ್ಪ ಗೆರೆಯ ನಕ್ಷೆ.